ಕಾಣೆಯಾದ ಫೈಲಿನ ಹೆಸರು ಓದಿ: ಆಡಿಯೊ ಪ್ಯಾಕೇಜ್ ಹಾಕುವಾಗ ಬರುವ ಲೈಬ್ರರಿ ಎರರ್‌ಗಳು

ನಮ್ಮಪ್ಪನಿಗೆ ತಾಳಮದ್ದಳೆ ಹುಚ್ಚು. ಮಳೆಗಾಲದಲ್ಲಿ ಎಲ್ಲೇ ಕೂಟ ಇದ್ದರೂ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. ಹಾಗೆ ತುಂಬಿಸಿಕೊಂಡು ಬಂದ ಕ್ಯಾಸೆಟ್‌ಗಳು ಅಟ್ಟದ ಮೇಲೆ ಎರಡು ಟ್ರಂಕ್ ಇವೆ. ಎಣಿಸಿದೆ, 143. ಅವನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಿ, ಪ್ರಸಂಗಕ್ಕೊಂದು ಫೈಲ್ ಮಾಡೋಣ ಅಂತ ಹೊರಟೆ.

ನಾನು ಹೈಸ್ಕೂಲ್ ಗಣಿತದ ಮೇಷ್ಟ್ರು. ಪೈಥಾನ್ ಅಷ್ಟಿಷ್ಟು ಬರುತ್ತದೆ. ಟೇಪಿನಿಂದ ರೆಕಾರ್ಡ್ ಮಾಡಿಕೊಂಡು, ಮಧ್ಯೆ ಸದ್ದಿಲ್ಲದ ಕಡೆ ಕತ್ತರಿಸುವ ನಲವತ್ತು ಸಾಲಿನ ಪ್ರೋಗ್ರಾಂ ಬರೆದೆ. ಬರೆಯಲು ಒಂದು ಸಂಜೆ ಸಾಕಾಯಿತು. ಅದಕ್ಕೆ ಬೇಕಾದ ಪ್ಯಾಕೇಜ್‌ಗಳನ್ನು ಹಾಕಿ ಮುಗಿಸಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲಿ ಕಲಿತದ್ದು ಇಲ್ಲಿದೆ. ನಾನು ಬಳಸುವುದು ಉಬುಂಟು ಎಂಬ ಲಿನಕ್ಸ್. ಹಾಗಾಗಿ ಜಾಸ್ತಿ ಮಾತು ಅದರದ್ದೇ. ವಿಂಡೋಸ್, ಮ್ಯಾಕ್ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆಜ್ಞೆಗಳನ್ನೂ ಫೈಲ್ ಹೆಸರುಗಳನ್ನೂ ಕನ್ನಡದಲ್ಲೇ ಬರೆದಿದ್ದೇನೆ. ನನಗೆ ಇದೆಲ್ಲ ಬಂದದ್ದೇ ಹಾಗೆ. ಬೆಂಗಳೂರಿನಲ್ಲಿರುವ ತಂಗಿಯ ಮಗ ಫೋನಿನಲ್ಲಿ ಹೇಳುತ್ತಿದ್ದ, ನಾನು ಡೈರಿಯಲ್ಲಿ ಕನ್ನಡದಲ್ಲಿ ಗೀಚಿಕೊಳ್ಳುತ್ತಿದ್ದೆ. ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಅದೂ ಸಣ್ಣ ಅಕ್ಷರದಲ್ಲಿ. 'ಲಿಬ್' ಅಂದರೆ ಎಲ್, ಐ, ಬಿ. 'ಡೆವ್' ಅಂದರೆ ಡಿ, ಇ, ವಿ. 'ಎಸ್‌ಒ' ಅಂದರೆ ಎಸ್ ಮತ್ತು ಒ. ಸೊನ್ನೆ ಅಲ್ಲ. ಆ ಸೊನ್ನೆಯಲ್ಲೇ ನನ್ನ ಒಂದು ಗಂಟೆ ಹೋಗಿದೆ.

ಕೇಳುತ್ತಿರುವುದು ಯಾರು?

ಎರರ್ ಬಂದ ಕೂಡಲೇ ಅದನ್ನು ಕಾಪಿ ಮಾಡಿ ಹುಡುಕಲು ಹೋಗಬೇಡಿ. ಮೊದಲು ಎರಡು ವಿಷಯ ನೋಡಿ. ಕಾಣೆಯಾದ ಫೈಲಿನ ಹೆಸರೇನು? ಅದನ್ನು ಕೇಳುತ್ತಿರುವುದು ಯಾರು?

ಆಡಿಯೊ ಪ್ಯಾಕೇಜ್‌ಗಳಲ್ಲಿ ಹೆಚ್ಚಿನವು ಬರೀ ಪೈಥಾನ್ ಅಲ್ಲ. ಪೈಆಡಿಯೊ ಆಗಲಿ, ಸೌಂಡ್‌ಡಿವೈಸ್ ಆಗಲಿ, ಒಳಗೆ ಕೆಲಸ ಮಾಡುವುದು ಪೋರ್ಟ್‌ಆಡಿಯೊ ಎಂಬ, ಸಿ ಭಾಷೆಯಲ್ಲಿ ಬರೆದ ಲೈಬ್ರರಿ. ಸೌಂಡ್‌ಫೈಲ್ ಎಂಬ ಪ್ಯಾಕೇಜ್‌ನ ಒಳಗೆ ಇರುವುದು ಲಿಬ್‌ಎಸ್‌ಎನ್‌ಡಿಫೈಲ್. ಪೋರ್ಟ್‌ಆಡಿಯೊ ಕೂಡ ಲಿನಕ್ಸ್‌ನಲ್ಲಿ ಸೌಂಡ್ ಕಾರ್ಡ್ ಜೊತೆ ಮಾತಾಡಲು ಆಲ್ಸಾ ಎಂಬ ಇನ್ನೊಂದು ಲೈಬ್ರರಿಯನ್ನು ಕರೆಯುತ್ತದೆ. ಪಿಪ್‌ಗೆ (ಪೈಥಾನ್ ಪ್ಯಾಕೇಜ್ ಹಾಕುವ ಆಜ್ಞೆ) ಪೈಥಾನ್ ಭಾಗ ತರುವುದು ಗೊತ್ತು. ಈ ಸಿ ಲೈಬ್ರರಿಗಳನ್ನು ಉಬುಂಟುವಿನಿಂದ ತರಿಸುವುದು ಎ, ಪಿ, ಟಿ ಅಂತ ಬರೆಯುವ ಆಪ್ಟ್‌ನ ಕೆಲಸ. ಪಿಪ್‌ಗೆ ಅಲ್ಲಿ ಅಧಿಕಾರ ಇಲ್ಲ.

ತಾಳಮದ್ದಳೆಯ ಭಾಷೆಯಲ್ಲೇ ಹೇಳುತ್ತೇನೆ. ಕೂಟಕ್ಕೆ ಮೊದಲು ಒಂದು ಕರಪತ್ರ ಬರುತ್ತದೆ. ಭಾಗವತರು ಯಾರು, ಕೃಷ್ಣ ಯಾರು, ಕೌರವ ಯಾರು ಅಂತ ಅದರಲ್ಲಿ ಇರುತ್ತದೆ. ಆಮೇಲೆ ರಾತ್ರಿ ಕಲಾವಿದರು ನಿಜವಾಗಿ ಬಂದು ಕೂರಬೇಕು. ಹೆಡರ್ ಫೈಲ್ ಅಂದರೆ ಕರಪತ್ರ. ಅದರ ಹೆಸರು ಚುಕ್ಕಿ ಹೆಚ್ ಅಂತ ಮುಗಿಯುತ್ತದೆ. ಶೇರ್ಡ್ ಲೈಬ್ರರಿ ಅಂದರೆ ಕಲಾವಿದ. ಅದರ ಹೆಸರಿನಲ್ಲಿ ಚುಕ್ಕಿ ಎಸ್‌ಒ ಇರುತ್ತದೆ. ಪ್ಯಾಕೇಜ್ ಕಟ್ಟುವಾಗ, ಅಂದರೆ ಮೂಲ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವಾಗ, ಆ ಕೆಲಸ ಮಾಡುವ ಕಂಪೈಲರ್ ಕರಪತ್ರ ಕೇಳುತ್ತದೆ. ಪ್ರೋಗ್ರಾಂ ಓಡುವಾಗ ಲೋಡರ್ ಎಂಬುದು ಕಲಾವಿದರನ್ನು ಒಬ್ಬೊಬ್ಬರಾಗಿ ಕರೆಯುತ್ತದೆ.

ಹಾಗಾಗಿ ಎರರ್‌ನಲ್ಲಿ ಚುಕ್ಕಿ ಹೆಚ್ ಕಂಡರೆ ಹೆಸರಿನಲ್ಲಿ 'ಡೆವ್' ಇರುವ ಪ್ಯಾಕೇಜ್ ಬೇಕು. ಚುಕ್ಕಿ ಎಸ್‌ಒ, ಅದರ ಮುಂದೆ ಒಂದು ಸಂಖ್ಯೆ ಕಂಡರೆ 'ಲಿಬ್' ಅಂತ ಶುರುವಾಗುವ ಮಾಮೂಲಿ ಪ್ಯಾಕೇಜ್ ಸಾಕು. ಅರ್ಧಕ್ಕರ್ಧ ತೊಂದರೆ ಇಷ್ಟರಲ್ಲೇ ಬಗೆಹರಿಯುತ್ತದೆ.

ಪೈಆಡಿಯೊ: ಕರಪತ್ರ ಇಲ್ಲ

ನಾನು ಮೊದಲು ಹೊಡೆದದ್ದು ಇದು:

ಪಿಪ್ ಇನ್‌ಸ್ಟಾಲ್ ಪೈಆಡಿಯೊ

ಪರದೆ ತುಂಬ ಕೆಂಪು ಅಕ್ಷರ. ಕೊನೆಯ ಸಾಲಿನಲ್ಲಿ ವ್ಹೀಲ್ (ಕಟ್ಟಿ ಸಿದ್ಧ ಮಾಡಿದ ಪ್ಯಾಕೇಜ್ ಫೈಲ್) ಕಟ್ಟಲು ಆಗಲಿಲ್ಲ ಅಂತ ಇತ್ತು. ಎರಡು ದಿನ ನಾನು ಆ ಕೊನೆಯ ಸಾಲನ್ನೇ ಹಿಡಿದುಕೊಂಡು ಜಗ್ಗಾಡಿದೆ. ವ್ಹೀಲ್ ಎಂಬ ಪ್ಯಾಕೇಜನ್ನೇ ಮತ್ತೆ ಮತ್ತೆ ಅಪ್‌ಗ್ರೇಡ್ ಮಾಡಿದೆ. ಏನೂ ಆಗಲಿಲ್ಲ. ಕೊನೆಯ ಸಾಲು ಹೇಳುವುದು ಸೋತದ್ದನ್ನು ಮಾತ್ರ, ಯಾಕೆ ಅಂತ ಅಲ್ಲ. ಕಾರಣ ಅದಕ್ಕಿಂತ ಹತ್ತು ಹದಿನೈದು ಸಾಲು ಮೇಲೆ ಇರುತ್ತದೆ. ಮೇಲಕ್ಕೆ ಸರಿಸಿ, 'ಫೇಟಲ್ ಎರರ್' ಎಂಬ ಪದ ಹುಡುಕಿ. ಅಲ್ಲಿ ಹೀಗಿತ್ತು:

ಫೇಟಲ್ ಎರರ್: ಪೋರ್ಟ್‌ಆಡಿಯೊ.ಹೆಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ

ಚುಕ್ಕಿ ಹೆಚ್. ಅಂದರೆ ಕರಪತ್ರ ಇಲ್ಲ. ಪೈಆಡಿಯೊಗೆ ಲಿನಕ್ಸ್‌ನಲ್ಲಿ ಸಿದ್ಧ ವ್ಹೀಲ್ ಸಿಗುವುದಿಲ್ಲ. ಪಿಪ್ ಮೂಲ ಕೋಡ್ ತಂದು ನಿಮ್ಮ ಯಂತ್ರದಲ್ಲೇ ಕಟ್ಟುತ್ತದೆ. ಹಾಗಾಗಿ ಹೆಡರ್ ಬೇಕು, ಕಂಪೈಲರ್ ಬೇಕು, ಪೈಥಾನ್‌ನ ಹೆಡರ್‌ಗಳೂ ಬೇಕು. ಮೂರನ್ನೂ ಒಟ್ಟಿಗೇ ಹಾಕಿಬಿಡಿ:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್ ಪೈಥಾನ್3-ಡೆವ್ ಪೋರ್ಟ್‌ಆಡಿಯೊ19-ಡೆವ್

ಆ 19 ನನ್ನನ್ನು ತುಂಬ ಕಾಡಿತು. ಹೆಡರ್ ಪ್ಯಾಕೇಜ್‌ಗೆ ಪೋರ್ಟ್‌ಆಡಿಯೊ19-ಡೆವ್ ಅಂತ ಹೆಸರು. ಓಡಿಸಲು ಬೇಕಾದ ಪ್ಯಾಕೇಜ್‌ಗೆ ಲಿಬ್‌ಪೋರ್ಟ್‌ಆಡಿಯೊ2 ಅಂತ ಹೆಸರು. ಒಂದರಲ್ಲಿ 19, ಇನ್ನೊಂದರಲ್ಲಿ 2. ಹಳೆಯದು ಹೊಸದು ಸೇರಿಕೊಂಡಿದೆ ಅಂದುಕೊಂಡೆ. ಹಾಗಲ್ಲ. 19 ಅಂದರೆ ಪೋರ್ಟ್‌ಆಡಿಯೊದ 19ನೇ ಆವೃತ್ತಿ. 2 ಅಂದರೆ ಆ ಲೈಬ್ರರಿ ಫೈಲಿನ ಹೆಸರಿನ ಕೊನೆಯಲ್ಲಿರುವ ಸಂಖ್ಯೆ: ಲಿಬ್‌ಪೋರ್ಟ್‌ಆಡಿಯೊ.ಎಸ್‌ಒ.2. ಎರಡೂ ಒಂದೇ ಮನೆಯವು.

ಇನ್ನೊಂದು ಎರರ್ ಬರಬಹುದು. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನ 12ನೇ ಆವೃತ್ತಿಯಲ್ಲೂ ಈಚಿನ ಉಬುಂಟುಗಳಲ್ಲೂ ಪಿಪ್ ಕಟ್ಟುವ ಕೆಲಸಕ್ಕೇ ಕೈ ಹಾಕದೆ, ಈ ಪೈಥಾನ್ ಬೇರೆಯವರ ಉಸ್ತುವಾರಿಯಲ್ಲಿದೆ ಅಂತ ನಿಂತುಬಿಡುತ್ತದೆ. ಎರರ್‌ನಲ್ಲಿ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಎಂಬ ಪದ ಇರುತ್ತದೆ. ಇದಕ್ಕೂ ಲೈಬ್ರರಿಗೂ ಸಂಬಂಧ ಇಲ್ಲ. ಒಂದು ವೆನ್ವ್, ಅಂದರೆ ಈ ಕೆಲಸಕ್ಕೇ ಪ್ರತ್ಯೇಕವಾದ ಪೈಥಾನ್ ಫೋಲ್ಡರ್, ಮಾಡಿಕೊಂಡು ಅದರೊಳಗೆ ಹಾಕಿ:

ಪೈಥಾನ್3 -ಎಂ ವೆನ್ವ್ ಟೇಪು

'ಟೇಪು' ನಾನು ಫೋಲ್ಡರಿಗೆ ಇಟ್ಟ ಹೆಸರು. ನಿಮಗೆ ಇಷ್ಟ ಬಂದದ್ದು ಇಡಿ. ಆ ಎರರ್‌ನಲ್ಲೇ 'ಬ್ರೇಕ್ ಸಿಸ್ಟಂ ಪ್ಯಾಕೇಜಸ್' ಅಂತ ಒಂದು ದಾರಿಯೂ ಕಾಣುತ್ತದೆ. ಒಡೆಯುತ್ತೇನೆ ಅಂತ ಹೆಸರಿನಲ್ಲೇ ಹೇಳಿಕೊಂಡು ಬರುವ ದಾರಿಗೆ ನಾನಂತೂ ಹೋಗಲಿಲ್ಲ.

ಕಟ್ಟುವ ತಲೆನೋವೇ ಬೇಡ ಅನ್ನುವವರಿಗೆ ಅಡ್ಡದಾರಿ ಇದೆ. ಆಪ್ಟ್‌ನಲ್ಲೇ ಪೈಥಾನ್3-ಪೈಆಡಿಯೊ ಅಂತ ಸಿದ್ಧ ಪ್ಯಾಕೇಜ್ ಇದೆ. ಲೈಬ್ರರಿಯನ್ನೂ ಜೊತೆಗೇ ಕರೆದುಕೊಂಡು ಬರುತ್ತದೆ. ಆದರೆ ಅದು ಸಿಸ್ಟಂ ಪೈಥಾನ್‌ಗೆ ಮಾತ್ರ. ವೆನ್ವ್ ಒಳಗಿಂದ ಕಾಣಬೇಕಾದರೆ ವೆನ್ವ್ ಮಾಡುವಾಗಲೇ 'ಸಿಸ್ಟಂ-ಸೈಟ್-ಪ್ಯಾಕೇಜಸ್' ಎಂಬ ಆಯ್ಕೆ ಕೊಡಬೇಕು.

ಸೌಂಡ್‌ಡಿವೈಸ್, ಸೌಂಡ್‌ಫೈಲ್: ಕಲಾವಿದ ಬಂದಿಲ್ಲ

ಇವೆರಡರ ಸ್ವಭಾವ ಬೇರೆ. ಪಿಪ್ ನಗುನಗುತ್ತಾ ಹಾಕಿ ಮುಗಿಸುತ್ತದೆ. ಒಂದು ಎರರ್ ಇಲ್ಲ. ಪ್ರೋಗ್ರಾಂನಲ್ಲಿ ಇಂಪೋರ್ಟ್ ಮಾಡಿದ ಕ್ಷಣ ಬೀಳುತ್ತದೆ. ಯಾಕೆ ಅಂದರೆ ಇಲ್ಲಿ ಕಟ್ಟುವ ಕೆಲಸವೇ ಇಲ್ಲ. ಪೈಥಾನ್ ಓಡುವಾಗ ನೇರವಾಗಿ ಎಸ್‌ಒ ಫೈಲನ್ನು ಹುಡುಕಿ ತೆರೆಯುತ್ತದೆ. ಕರಪತ್ರ ಅಚ್ಚು ಹಾಕಿಸದೆ ಕೂಟ ಇಟ್ಟ ಹಾಗೆ.

ಸೌಂಡ್‌ಡಿವೈಸ್ ಹೇಳುವುದು 'ಪೋರ್ಟ್‌ಆಡಿಯೊ ಲೈಬ್ರರಿ ನಾಟ್ ಫೌಂಡ್' ಅಂತ. ಮದ್ದು:

ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಪೋರ್ಟ್‌ಆಡಿಯೊ2

ಸೌಂಡ್‌ಫೈಲ್ ಹೇಳುವುದು 'ಎಸ್‌ಎನ್‌ಡಿಫೈಲ್ ಲೈಬ್ರರಿ ನಾಟ್ ಫೌಂಡ್', ಇಲ್ಲವೇ 'ಕೆನಾಟ್ ಲೋಡ್ ಲೈಬ್ರರಿ' ಅಂತ. ಮದ್ದು:

ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಎಸ್‌ಎನ್‌ಡಿಫೈಲ್1

'ಡೆವ್' ಬೇಡ. ಕಟ್ಟುವುದು ಏನೂ ಇಲ್ಲವಲ್ಲ. ಲಿಬ್‌ರೋಸಾ ಬಳಸುವವರಿಗೆ ಬರುವುದೂ ಇದೇ ಎರರ್, ಅದು ಫೈಲ್ ಓದುವುದು ಸೌಂಡ್‌ಫೈಲ್ ಮೂಲಕವೇ.

ಈಗಿನ ಸೌಂಡ್‌ಫೈಲ್ ವ್ಹೀಲ್‌ಗಳಲ್ಲಿ ಮಾಮೂಲಿ 64-ಬಿಟ್ ಲಿನಕ್ಸ್‌ಗೆ ಲೈಬ್ರರಿಯನ್ನು ಒಳಗೇ ಇಟ್ಟು ಕಳಿಸುತ್ತಾರೆ. ಅದಕ್ಕೇ ನನ್ನ ಲ್ಯಾಪ್‌ಟಾಪ್‌ನಲ್ಲಿ ಸುಮ್ನೆ ನಡೆದದ್ದು, ಹಳೆಯ 32-ಬಿಟ್ ರಾಸ್‌ಬೆರಿ ಪೈನಲ್ಲಿ ನಡೆಯಲಿಲ್ಲ. ಅಲ್ಲಿಗೆ ಬರುವುದು ಬರೀ ಪೈಥಾನ್ ಇರುವ ಖಾಲಿ ವ್ಹೀಲ್. ಒಂದೇ ಪ್ಯಾಕೇಜ್, ಒಂದೇ ಆಜ್ಞೆ, ಎರಡು ಯಂತ್ರದಲ್ಲಿ ಎರಡು ಫಲ. ನಿಮ್ಮ ಸ್ನೇಹಿತರು 'ನನಗೆ ಬಂತಲ್ಲ' ಅಂದರೆ ಜಗಳಕ್ಕೆ ನಿಲ್ಲಬೇಡಿ. ಅವರಿಗೆ ಬಂದಿರಬಹುದು.

ಡಾಕರ್ ಬಳಸುವವರಿಗೆ ಒಂದು ಸಾಲು. 'ಸ್ಲಿಮ್' ಎಂಬ ಹೆಸರಿನ ಪೈಥಾನ್ ಇಮೇಜ್‌ಗಳಲ್ಲಿ ಕಂಪೈಲರ್ ಇಲ್ಲ, ಲಿಬ್‌ಪೋರ್ಟ್‌ಆಡಿಯೊ2 ಇಲ್ಲ. ಡಾಕರ್‌ಫೈಲ್‌ನಲ್ಲಿ ಪಿಪ್ ಸಾಲಿಗೆ ಮೊದಲೇ ಆಪ್ಟ್ ಸಾಲು ಬರಬೇಕು.

ಹೆಸರು ಗೊತ್ತಿದೆ, ಪ್ಯಾಕೇಜ್ ಯಾವುದು?

ಮೇಲೆ ಹೇಳಿದ್ದು ನನಗೆ ಸಿಕ್ಕಿದ ಹೆಸರುಗಳು. ನಿಮಗೆ ಬೇರೆ ಫೈಲ್ ಕಾಣೆಯಾಗಿರಬಹುದು. ಆಗ ಊಹೆ ಮಾಡುತ್ತಾ ಕೂರಬೇಡಿ, ಕೇಳಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಆಪ್ಟ್-ಫೈಲ್
ಸುಡೊ ಆಪ್ಟ್-ಫೈಲ್ ಅಪ್‌ಡೇಟ್
ಆಪ್ಟ್-ಫೈಲ್ ಸರ್ಚ್ ಲಿಬ್‌ಪೋರ್ಟ್‌ಆಡಿಯೊ.ಎಸ್‌ಒ.2

ಎಡಗಡೆ ಪ್ಯಾಕೇಜಿನ ಹೆಸರು, ಬಲಗಡೆ ಫೈಲ್ ಎಲ್ಲಿ ಹೋಗಿ ಕೂರುತ್ತದೆ ಅನ್ನುವುದು ಬರುತ್ತದೆ. ಇದು ಗೊತ್ತಾದ ದಿನ ನನಗೆ ಲಾಗ ಹೊಡೆಯುವಷ್ಟು ಖುಷಿಯಾಗಿತ್ತು. ಈಗಾಗಲೇ ಯಂತ್ರದಲ್ಲಿರುವ ಫೈಲ್ ಯಾವ ಪ್ಯಾಕೇಜಿನದು ಅಂತ ತಿಳಿಯಲು ಡಿಪಿಕೆಜಿ -ಎಸ್, ಮುಂದೆ ಫೈಲಿನ ಹೆಸರು. ಇಲ್ಲಿ ಎಸ್ ದೊಡ್ಡ ಅಕ್ಷರ. ಫೆಡೋರಾದವರು ಡಿಎನ್‌ಎಫ್ ಪ್ರೊವೈಡ್ಸ್ ಬಳಸಿ. ಅಲ್ಲಿ ಹೆಡರ್ ಪ್ಯಾಕೇಜ್‌ಗಳು 'ಡೆವ್' ಅಂತ ಅಲ್ಲ, 'ಡೆವೆಲ್' ಅಂತ ಮುಗಿಯುತ್ತವೆ.

ಇದೆ, ಆದರೆ ಇಲ್ಲ

ಐದನೇ ದಿನದ ಕಥೆ. ಆಪ್ಟ್‌ನಲ್ಲಿರುವ ಪೋರ್ಟ್‌ಆಡಿಯೊ ಹಳೆಯದು ಅಂತ ಎಲ್ಲೋ ಓದಿ, ಮೂಲ ಕೋಡ್ ಇಳಿಸಿಕೊಂಡು ನಾನೇ ಕಟ್ಟಿದೆ. ಬೇಕಿರಲಿಲ್ಲ. ಹಳೆಯದೇ ಸಾಕಿತ್ತು. ಇರಲಿ. ಕಾನ್ಫಿಗರ್, ಮೇಕ್, ಸುಡೊ ಮೇಕ್ ಇನ್‌ಸ್ಟಾಲ್, ಎಲ್ಲ ಸಲೀಸು. ಫೈಲ್ /ಯುಎಸ್‌ಆರ್/ಲೋಕಲ್/ಲಿಬ್ ಒಳಗೆ ಕಣ್ಣಿಗೆ ಕಾಣುವ ಹಾಗೆ ಕೂತಿದೆ. ಪೈಥಾನ್ ಮಾತ್ರ ಇಲ್ಲ ಅನ್ನುತ್ತಿದೆ:

ಲಿಬ್‌ಪೋರ್ಟ್‌ಆಡಿಯೊ.ಎಸ್‌ಒ.2: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್

ನಮ್ಮೂರಿನ ಗ್ರಂಥಾಲಯದಲ್ಲಿ ಮೊದಲು ಒಂದು ಮರದ ಪೆಟ್ಟಿಗೆ ಇತ್ತು, ಕಾರ್ಡ್ ತುಂಬಿದ್ದು. ಪುಸ್ತಕ ಕಪಾಟಿನಲ್ಲಿ ಇದ್ದರೂ ಕಾರ್ಡ್ ಬರೆದಿಲ್ಲ ಅಂದರೆ ಗುಮಾಸ್ತರು 'ಇಲ್ಲ' ಅಂದುಬಿಡುತ್ತಿದ್ದರು. ಎದ್ದು ಹೋಗಿ ನೋಡುತ್ತಿರಲಿಲ್ಲ. ಲಿನಕ್ಸ್‌ನ ಲೋಡರ್ ಹೆಚ್ಚುಕಮ್ಮಿ ಆ ಗುಮಾಸ್ತರೇ. ಅದು ನೋಡುವುದು ಒಂದು ಪಟ್ಟಿ, ನಂತರ ಒಂದೆರಡು ಮಾಮೂಲಿ ಫೋಲ್ಡರ್. ಡಿಸ್ಕ್ ಇಡೀ ಹುಡುಕುವುದಿಲ್ಲ. ಹೊಸ ಫೈಲ್ ಬಂದಾಗ ಪಟ್ಟಿಯನ್ನು ಮತ್ತೆ ಬರೆಸಬೇಕು. ಆಪ್ಟ್ ಹಾಕಿದ್ದಾದರೆ ಅದೇ ಬರೆಸುತ್ತದೆ. ನೀವು ಕೈಯಾರೆ ಕಟ್ಟಿದ್ದಾದರೆ ನೀವೇ ಬರೆಸಬೇಕು:

ಸುಡೊ ಎಲ್‌ಡಿಕಾನ್ಫಿಗ್

ಅಷ್ಟೇ. ಒಂದು ಪದ. ಅದಕ್ಕೆ ಒಂದು ದಿನ ಕೊಟ್ಟೆ. ಪಟ್ಟಿಯಲ್ಲಿ ಬಂತೋ ಇಲ್ಲವೋ ನೋಡಲು:

ಎಲ್‌ಡಿಕಾನ್ಫಿಗ್ -ಪಿ | ಗ್ರೆಪ್ ಪೋರ್ಟ್‌ಆಡಿಯೊ

ಇಷ್ಟಾದರೂ ಬರದಿದ್ದರೆ ಯಾವ ಕಲಾವಿದ ಗೈರುಹಾಜರಿ ಅಂತ ಹಾಜರಿ ಕರೆಯಿರಿ. ಪೈಆಡಿಯೊ ಹಾಕಿದ ಫೋಲ್ಡರಿನೊಳಗೆ _ಪೋರ್ಟ್‌ಆಡಿಯೊ ಅಂತ ಶುರುವಾಗಿ ಎಸ್‌ಒ ಅಂತ ಮುಗಿಯುವ ಒಂದು ಫೈಲ್ ಇರುತ್ತದೆ. ಅದನ್ನು ಫೈಂಡ್ ಆಜ್ಞೆಯಿಂದ ಹುಡುಕಿ, ಅದರ ಪೂರ್ತಿ ದಾರಿಯನ್ನು ಎಲ್‌ಡಿಡಿಗೆ ಕೊಡಿ. ಎಲ್, ಡಿ, ಡಿ. ಉತ್ತರದಲ್ಲಿ ಒಂದೊಂದು ಲೈಬ್ರರಿಯ ಮುಂದೆಯೂ ಅದು ಎಲ್ಲಿ ಸಿಕ್ಕಿತು ಅಂತ ಇರುತ್ತದೆ. ಸಿಗದ್ದರ ಮುಂದೆ ಹೀಗೆ:

ಲಿಬ್‌ಆಸೌಂಡ್.ಎಸ್‌ಒ.2 => ನಾಟ್ ಫೌಂಡ್

ಎಷ್ಟೋ ಸಲ ಎರರ್ ಹೇಳುವ ಹೆಸರು ಒಂದು, ಇಲ್ಲಿ ಕಾಣೆಯಾದವು ಮೂರು ಇರುತ್ತವೆ. ಲೋಡರ್ ಮೊದಲನೆಯದು ಸಿಗದ ಕೂಡಲೇ ಕೈಚೆಲ್ಲುತ್ತದೆ. ಎಲ್‌ಡಿಡಿ ಪೂರ್ತಿ ಪಟ್ಟಿ ಕೊಡುತ್ತದೆ. ಒಂದೊಂದೇ ಎರರ್ ನೋಡಿ ಒಂದೊಂದೇ ಹಾಕುವ ಬದಲು ಒಂದೇ ಸಲಕ್ಕೆ ಮುಗಿಸಬಹುದು.

ಎಲ್‌ಡಿಡಿಯೂ ಎಲ್ಲ ಸರಿ ಅನ್ನುತ್ತದೆ, ಪೈಥಾನ್ ಇಲ್ಲ ಅನ್ನುತ್ತದೆ. ಆಗ ಎಲ್‌ಡಿ_ಡಿಬಗ್=ಲಿಬ್ಸ್ ಅಂತ ಮುಂದೆ ಸೇರಿಸಿ ಪ್ರೋಗ್ರಾಂ ಓಡಿಸಿ. ಸಮ ಚಿಹ್ನೆಯ ಎಡಗಡೆಯದು ದೊಡ್ಡ ಅಕ್ಷರ, ಬಲಗಡೆಯದು ಸಣ್ಣ ಅಕ್ಷರ. ಲೋಡರ್ ಯಾವ್ಯಾವ ಫೋಲ್ಡರಿನ ಬಾಗಿಲು ತಟ್ಟಿತು ಅಂತ ಸಾಲು ಸಾಲಾಗಿ ಬರುತ್ತದೆ. ನೂರಾರು ಸಾಲು. ಓದಲು ತಾಳ್ಮೆ ಬೇಕು, ಆದರೆ ಸುಳ್ಳು ಹೇಳುವುದಿಲ್ಲ.

ಎಲ್‌ಡಿ_ಲೈಬ್ರರಿ_ಪಾತ್ (ಇದೂ ದೊಡ್ಡ ಅಕ್ಷರದಲ್ಲೇ) ಎಂಬ ಇನ್ನೊಂದು ದಾರಿ ನಿಮಗೆ ಎಲ್ಲೆಡೆ ಸಿಗುತ್ತದೆ. ಲೋಡರ್‌ಗೆ 'ಮೊದಲು ಇಲ್ಲಿ ನೋಡು' ಅಂತ ಹೇಳುವ ದಾರಿ ಅದು. ಒಂದು ಸಲ ಪರೀಕ್ಷೆ ಮಾಡಲು ಒಳ್ಳೆಯದು. ಅದನ್ನು ಟರ್ಮಿನಲ್ ತೆರೆದಾಗಲೆಲ್ಲ ಓದಿಸಿಕೊಳ್ಳುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಖಾಯಂ ಬರೆದು ಇಡಬೇಡಿ. ಆರು ತಿಂಗಳ ಮೇಲೆ ಬೇರೆ ಯಾವುದೋ ಪ್ರೋಗ್ರಾಂ ಈ ಫೋಲ್ಡರಿನ ತಪ್ಪು ಲೈಬ್ರರಿ ಎತ್ತಿಕೊಂಡು ಬಿದ್ದಾಗ ಕಾರಣ ನಿಮಗೆ ನೆನಪಿರುವುದಿಲ್ಲ.

ಹೆಸರೇ ಬದಲಾಗಿದ್ದರೆ

ಉಬುಂಟು 24.04ರಲ್ಲಿ ಈ ಆಜ್ಞೆ ಕೊಟ್ಟು ನೋಡಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಆಸೌಂಡ್2

ಆಪ್ಟ್ ಹಾಕುವುದಿಲ್ಲ. 'ನೋ ಇನ್‌ಸ್ಟಾಲೇಶನ್ ಕ್ಯಾಂಡಿಡೇಟ್' ಅನ್ನುತ್ತದೆ. ಆಲ್ಸಾ ಲೈಬ್ರರಿಯನ್ನೇ ತೆಗೆದುಹಾಕಿದ್ದಾರಾ ಅಂತ ಗಾಬರಿಯಾಗುತ್ತದೆ. ತೆಗೆದಿಲ್ಲ. ಈಗ ಅದರ ಹೆಸರು ಲಿಬ್‌ಆಸೌಂಡ್2ಟಿ64. ಆಪ್ಟ್‌ನ ಉತ್ತರವನ್ನು ಪೂರ್ತಿ ಓದಿದರೆ ಅದರಲ್ಲೇ ಈ ಹೊಸ ಹೆಸರು ಇರುತ್ತದೆ.

ಇದರ ಕಾರಣ ಗಣಿತದ ಮೇಷ್ಟ್ರಾದ ನನಗೆ ಬಹಳ ಇಷ್ಟವಾಯಿತು. ಕಂಪ್ಯೂಟರ್ 1970ರ ಜನವರಿ 1ರಿಂದ ಸೆಕೆಂಡ್ ಎಣಿಸುತ್ತಾ ಬಂದಿದೆ. 32-ಬಿಟ್ ಸಂಖ್ಯೆಯಲ್ಲಿ ಈ ಎಣಿಕೆ 2,14,74,83,647ಕ್ಕೆ ಮುಗಿಯುತ್ತದೆ. ಅದು ಬರುವುದು 2038ರ ಜನವರಿ 19ರಂದು. ಅದಕ್ಕೆ ಮೊದಲೇ ಸಮಯದ ಸಂಖ್ಯೆಯನ್ನು 64-ಬಿಟ್‌ಗೆ ಏರಿಸುವ ಕೆಲಸವನ್ನು ಡೆಬಿಯನ್, ಉಬುಂಟು ಎರಡೂ ಮಾಡಿವೆ. ಹಾಗೆ ಬದಲಾದ ಲೈಬ್ರರಿಗಳ ಪ್ಯಾಕೇಜ್ ಹೆಸರಿಗೆ ಟಿ64 ಎಂಬ ಬಾಲ ಬಂದಿದೆ. ನಿಮ್ಮ 64-ಬಿಟ್ ಯಂತ್ರದಲ್ಲಿ ಸಮಯ ಮೊದಲೇ 64-ಬಿಟ್ ಇತ್ತು. ಆದರೂ ಎಲ್ಲ ಕಡೆ ಒಂದೇ ಹೆಸರು ಇರಲಿ ಅಂತ ಬಾಲ ಇಲ್ಲಿಗೂ ಬಂದಿದೆ. ಒಳಗಿರುವ ಫೈಲ್ ಮಾತ್ರ ಹಳೆಯ ಹೆಸರಿನದೇ, ಲಿಬ್‌ಆಸೌಂಡ್.ಎಸ್‌ಒ.2. ಹಳೆಯ ಪಾಠಗಳನ್ನು ನೋಡಿಕೊಂಡು ಹಾಕುವವರು ಇದನ್ನು ನೆನಪಿಡಿ. ಲಿಬ್‌ಪೋರ್ಟ್‌ಆಡಿಯೊ2, ಲಿಬ್‌ಎಸ್‌ಎನ್‌ಡಿಫೈಲ್1 ಇವಕ್ಕೆ ಬಾಲ ಬಂದಿಲ್ಲ.

ನಾನು ಮಾಡಿದ ಎರಡು ತಪ್ಪು

ಮೊದಲನೆಯದು ಸುಳ್ಳು ಹೆಸರು ಕೊಡುವುದು. ಒಂದು ಹಳೆಯ ಪ್ರೋಗ್ರಾಂ ಲಿಬ್‌ಎವಿಕೋಡೆಕ್.ಎಸ್‌ಒ.58 ಕೇಳಿತು. ಅದು ಎಫ್‌ಎಫ್‌ಎಂಪೆಗ್ 4ರ (ಆಡಿಯೊ, ವಿಡಿಯೊ ಪರಿವರ್ತಿಸುವ ಪ್ರೋಗ್ರಾಂ) ಕಾಲದ್ದು. ನನ್ನ 24.04ರಲ್ಲಿದ್ದದ್ದು ಎಫ್‌ಎಫ್‌ಎಂಪೆಗ್ 6, ಅದರ ಫೈಲ್ ಹೆಸರಿನ ಕೊನೆಯಲ್ಲಿ 60. ಎರಡೇ ತಾನೇ ವ್ಯತ್ಯಾಸ ಅಂತ 60ನ್ನು ತೋರಿಸುವ ಒಂದು ಲಿಂಕ್ ಮಾಡಿ ಅದಕ್ಕೆ 58 ಅಂತ ಹೆಸರಿಟ್ಟೆ. ಕರ್ಣನ ಅರ್ಥ ಹೇಳಬೇಕಾದ ಜಾಗದಲ್ಲಿ ಇನ್ಯಾರನ್ನೋ ಕೂರಿಸಿ 'ಇವರೇ ಕರ್ಣ' ಅಂದ ಹಾಗಾಯಿತು. ಬಾಯಿ ಬಿಟ್ಟ ಕೂಡಲೇ ಗೊತ್ತಾಗಿಹೋಯಿತು. ವರ್ಶನ್ 58 ಸಿಗಲಿಲ್ಲ ಅಂತ ಹೊಸ ಎರರ್. ಆ ಕೊನೆಯ ಸಂಖ್ಯೆ ಬದಲಾಗುವುದೇ ಹಳೆಯದಕ್ಕೂ ಹೊಸದಕ್ಕೂ ಹೊಂದುವುದಿಲ್ಲ ಅಂತ ಹೇಳಲು. ಕೆಲವು ಲೈಬ್ರರಿಗಳಲ್ಲಿ ಎರರ್ ಕೂಡ ಬರುವುದಿಲ್ಲ, ಸುಮ್ನೆ ಕ್ರ್ಯಾಶ್ ಆಗುತ್ತದೆ. ಅದು ಇನ್ನೂ ಕೆಟ್ಟದ್ದು. ಇಂಥ ಕಡೆ ಪ್ರೋಗ್ರಾಮಿನ ಹೊಸ ಆವೃತ್ತಿ ಹಾಕಿ, ಇಲ್ಲವೇ ಈ ಯಂತ್ರದಲ್ಲೇ ಮತ್ತೆ ಕಟ್ಟಿ.

ಎರಡನೆಯದು ಕಡ ತರುವುದು. ಶಾಲೆಯ ಕಂಪ್ಯೂಟರ್‌ನಲ್ಲಿ ಉಬುಂಟು 22.04 ಇತ್ತು, ಮನೆಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ 20.04. ಅಲ್ಲಿ ಚೆನ್ನಾಗಿ ನಡೆಯುತ್ತಿದ್ದ ಎಸ್‌ಒ ಫೈಲನ್ನು ಪೆನ್‌ಡ್ರೈವ್‌ನಲ್ಲಿ ತಂದು ಇಲ್ಲಿ ಹಾಕಿದೆ. 'ಜಿಲಿಬ್‌ಸಿ_2.34 ನಾಟ್ ಫೌಂಡ್' ಅಂತ ಬಂತು. ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ತಳಪಾಯ. 20.04ರಲ್ಲಿ ಅದು 2.31, 22.04ರಲ್ಲಿ 2.35. ಹೊಸ ತಳಪಾಯದ ಮೇಲೆ ಕಟ್ಟಿದ ಗೋಡೆಯನ್ನು ಕಿತ್ತು ಹಳೆಯದರ ಮೇಲೆ ಇಡಲು ಬರುವುದಿಲ್ಲ. ಸರಿ, ಜಿಲಿಬ್‌ಸಿಯನ್ನೇ ಕೈಯಾರೆ ಬದಲಿಸೋಣ ಅಂತ ಹೊರಟಿದ್ದೆ. ತಂಗಿಯ ಮಗ ಫೋನಿನಲ್ಲಿ ಕಿರುಚಿಕೊಂಡ. ಅದನ್ನು ಕೆಡಿಸಿಕೊಂಡರೆ ಎಲ್‌ಎಸ್ ಆಜ್ಞೆ ಕೂಡ ಓಡುವುದಿಲ್ಲ. ದಯವಿಟ್ಟು ಮುಟ್ಟಬೇಡಿ.

ಕಾಂಡಾ ಇದ್ದವರಿಗೆ

ಕಾಂಡಾ ಪಿಪ್ ಥರದ ಇನ್ನೊಂದು ಪ್ಯಾಕೇಜ್ ವ್ಯವಸ್ಥೆ, ಅದು ತನ್ನದೇ ಲೈಬ್ರರಿಗಳನ್ನು ಜೊತೆಗೆ ಇಟ್ಟುಕೊಂಡಿರುತ್ತದೆ. ಕಾಂಡಾ ಒಳಗೆ ಪಿಪ್‌ನಿಂದ ಪೈಆಡಿಯೊ ಹಾಕಿದರೆ ಅದು ಕಟ್ಟುವುದು ಆಪ್ಟ್ ತಂದ ಪೋರ್ಟ್‌ಆಡಿಯೊ ಜೊತೆ, ಓಡುವುದು ಕಾಂಡಾದ ಪೈಥಾನ್‌ನಲ್ಲಿ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ನನಗೆ ಬಂದ ಎರರ್‌ನಲ್ಲಿ ಲಿಬ್‌ಎಸ್‌ಟಿಡಿಸಿ++.ಎಸ್‌ಒ.6 ಎಂಬ ಹೆಸರಿತ್ತು, ಜೊತೆಗೆ 'ಜಿಲಿಬ್‌ಸಿಎಕ್ಸ್‌ಎಕ್ಸ್_3.4.30 ನಾಟ್ ಫೌಂಡ್' ಅಂತ. ಗಮನಿಸಿ, ಫೈಲ್ ಸಿಕ್ಕಿಲ್ಲ ಅಂತ ಅಲ್ಲ ಇಲ್ಲಿ. ಸಿಕ್ಕಿದೆ, ಹಳೆಯದು ಸಿಕ್ಕಿದೆ. ಕಾಂಡಾದ ಹಳೆಯ ಪ್ರತಿ ಮೊದಲು ಬಂದು ಕೂತುಬಿಟ್ಟಿದೆ. ಸಿಸ್ಟಂನ ಲೈಬ್ರರಿಗೆ ಬೇಕಾದದ್ದು ಅದರಲ್ಲಿ ಇಲ್ಲ.

ಕಾಂಡಾದ ಪ್ರತಿಯನ್ನು ಹೊಸದು ಮಾಡಿದರೆ ಸರಿಹೋಗುತ್ತದೆ:

ಕಾಂಡಾ ಇನ್‌ಸ್ಟಾಲ್ -ಸಿ ಕಾಂಡಾ-ಫೋರ್ಜ್ ಲಿಬ್‌ಎಸ್‌ಟಿಡಿಸಿಎಕ್ಸ್‌ಎಕ್ಸ್-ಎನ್‌ಜಿ

ಅಥವಾ ಪೈಆಡಿಯೊವನ್ನೇ ಕಾಂಡಾ-ಫೋರ್ಜ್‌ನಿಂದ ತನ್ನಿ. ಪೋರ್ಟ್‌ಆಡಿಯೊ ಜೊತೆಗೇ ಬರುತ್ತದೆ. ನಾನು ಮಾಡಿದ್ದು ಮೂರನೆಯದು. ಕಾಂಡಾ ಬಿಟ್ಟು ವೆನ್ವ್‌ಗೆ ಬಂದೆ. ನಲವತ್ತು ಸಾಲಿನ ಪ್ರೋಗ್ರಾಂಗೆ ಕಾಂಡಾ ಯಾಕೆ ಅಲ್ವಾ?

ಟಾರ್ಚ್‌ಆಡಿಯೊ ಬಳಸುವವರಿಗೆ 'ಅನ್‌ಡಿಫೈನ್ಡ್ ಸಿಂಬಲ್' ಎಂಬ ಎರರ್ ಬರುತ್ತದೆ, ಮುಂದೆ ಅರ್ಥವಾಗದ ಉದ್ದದ ಹೆಸರು. ಅಲ್ಲಿ ಸಾಮಾನ್ಯವಾಗಿ ಲೈಬ್ರರಿ ಕಾಣೆಯಾಗಿರುವುದಿಲ್ಲ. ಟಾರ್ಚ್ ಒಂದು ಆವೃತ್ತಿ, ಟಾರ್ಚ್‌ಆಡಿಯೊ ಇನ್ನೊಂದು ಆವೃತ್ತಿ ಆಗಿರುತ್ತದೆ. ಎರಡನ್ನೂ ತೆಗೆದು ಒಂದೇ ಆಜ್ಞೆಯಲ್ಲಿ ಒಟ್ಟಿಗೆ ಹಾಕಿ.

ವಿಂಡೋಸ್, ಮ್ಯಾಕ್, ಮತ್ತೆ ಇತರರು

ವಿಂಡೋಸ್‌ನಲ್ಲಿ ಈಗ ಕಷ್ಟ ಕಮ್ಮಿ. ಪೈಆಡಿಯೊ 0.2.11 ಬಂದದ್ದು 2017ರಲ್ಲಿ. ಅದರ ಸಿದ್ಧ ವ್ಹೀಲ್ ಪೈಥಾನ್ 3.6ರವರೆಗೆ ಮಾತ್ರ ಇತ್ತು. 0.2.12 ಬಂದದ್ದು 2022ರಲ್ಲಿ. ಆ ಐದು ವರ್ಷ ಜನ ಪಿಪ್‌ವಿನ್, ಅಲ್ಲಿ ಇಲ್ಲಿ ಸಿಕ್ಕ ವ್ಹೀಲ್ ಅಂತ ಒದ್ದಾಡಿದರು. ಹಳೆಯ ಪಾಠಗಳಲ್ಲಿ ಅದೇ ಇರುತ್ತದೆ. ಈಗ ಅದು ಬೇಡ, ಸುಮ್ನೆ ಪಿಪ್ ಸಾಕು. 'ವಿಶುಯಲ್ ಸಿ++ 14.0' ಬೇಕು ಅಂತ ಬಂದರೆ ನಿಮ್ಮ ಪೈಥಾನ್‌ಗೆ ಸರಿಯಾದ ವ್ಹೀಲ್ ಇಲ್ಲ ಅಂತ ಅರ್ಥ. ಪೈಥಾನ್ ತೀರಾ ಹೊಸದಾಗಿದ್ದರೆ ಒಂದೆರಡು ಆವೃತ್ತಿ ಹಿಂದಿನದು ಹಾಕಿ ನೋಡಿ.

ಮ್ಯಾಕ್‌ನಲ್ಲಿ ಮೊದಲು ಹೋಂಬ್ರೂ (ಮ್ಯಾಕ್ ಬಳಸುವವರ ಆಪ್ಟ್ ಅನ್ನಿ) ಆಜ್ಞೆ: ಬ್ರೂ ಇನ್‌ಸ್ಟಾಲ್ ಪೋರ್ಟ್‌ಆಡಿಯೊ. ಹೊಸ ಆಪಲ್ ಚಿಪ್‌ಗಳಲ್ಲಿ ಹೋಂಬ್ರೂ ಫೈಲ್‌ಗಳನ್ನು ಇಡುವುದು /ಆಪ್ಟ್/ಹೋಂಬ್ರೂ ಒಳಗೆ (ಇಲ್ಲಿ ಆಪ್ಟ್ ಅಂದರೆ ಒ, ಪಿ, ಟಿ). ಹಳೆಯ ಇಂಟೆಲ್‌ಗಳಲ್ಲಿ /ಯುಎಸ್‌ಆರ್/ಲೋಕಲ್. ಪೋರ್ಟ್‌ಆಡಿಯೊ.ಹೆಚ್ ಸಿಗದಿದ್ದರೆ ಸಿಫ್ಲ್ಯಾಗ್ಸ್‌ನಲ್ಲಿ ಆ ಫೋಲ್ಡರಿನ ಇನ್‌ಕ್ಲೂಡ್, ಎಲ್‌ಡಿಫ್ಲ್ಯಾಗ್ಸ್‌ನಲ್ಲಿ ಅದರ ಲಿಬ್ ತೋರಿಸಿ (ಈ ಎರಡು ಹೆಸರೂ ದೊಡ್ಡ ಅಕ್ಷರದಲ್ಲಿ). ಎರರ್‌ನಲ್ಲಿ 'ಇನ್‌ಕಂಪ್ಯಾಟಿಬಲ್ ಆರ್ಕಿಟೆಕ್ಚರ್' ಅಂತ ಇದ್ದರೆ ಇಂಟೆಲ್‌ನ ಪೈಥಾನ್‌ಗೂ ಆಪಲ್ ಚಿಪ್‌ನ ಲೈಬ್ರರಿಗೂ ಗಂಟು ಬಿದ್ದಿದೆ ಅಂತ ತಿಳಿಯಿರಿ. ಪೈಥಾನನ್ನೂ ಹೋಂಬ್ರೂನಿಂದಲೇ ಹಾಕಿಬಿಡಿ.

ರಸ್ಟ್‌ನಲ್ಲಿ ಸಿಪಿಎಎಲ್, ರೋಡಿಯೊ ಬಳಸಿದರೆ 'ಆಲ್ಸಾ-ಸಿಸ್' ಎಂಬ ಹೆಸರಿನ ಜೊತೆ ಎರರ್ ಬರುತ್ತದೆ. ಅದಕ್ಕೆ ಲಿಬ್‌ಆಸೌಂಡ್2-ಡೆವ್ ಮತ್ತು ಪಿಕೆಜಿ-ಕಾನ್ಫಿಗ್ ಹಾಕಿ. ನೋಡ್‌ನಲ್ಲಿ ಸ್ಪೀಕರ್ ಪ್ಯಾಕೇಜ್ ಕಟ್ಟಲೂ ಲಿಬ್‌ಆಸೌಂಡ್2-ಡೆವ್ ಬೇಕು. ಇದಕ್ಕೆ 24.04ರಲ್ಲೂ ಟಿ64 ಬಾಲ ಇಲ್ಲ.

ಎರರ್ ಅಲ್ಲದ ಎರರ್

ಎಲ್ಲ ಸರಿಹೋದ ಮೇಲೆ ಪ್ರೋಗ್ರಾಂ ಓಡಿಸಿದೆ. ಮತ್ತೆ ಪರದೆ ತುಂಬ ಸಾಲುಗಳು. 'ಆಲ್ಸಾ ಲಿಬ್', 'ಅನ್‌ನೋನ್ ಪಿಸಿಎಂ', 'ಜ್ಯಾಕ್ ಸರ್ವರ್ ಈಸ್ ನಾಟ್ ರನ್ನಿಂಗ್'. ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಫೋಲ್ಡರಿನಲ್ಲಿ ವೇವ್ ಫೈಲ್ ಇದೆ! ರೆಕಾರ್ಡ್ ಆಗಿತ್ತು. ಪೋರ್ಟ್‌ಆಡಿಯೊ ಶುರುವಾಗುವಾಗ ಇರುವ ಇಲ್ಲದ ಎಲ್ಲ ಸೌಂಡ್ ಸಾಧನಗಳ ಬಾಗಿಲು ತಟ್ಟುತ್ತದೆ. ತೆರೆಯದ ಬಾಗಿಲಿಗೆಲ್ಲ ಒಂದೊಂದು ಸಾಲು ಗೊಣಗುತ್ತದೆ. ಪ್ರೋಗ್ರಾಂ ನಿಲ್ಲದೆ ಮುಂದೆ ಹೋದರೆ ಆ ಗೊಣಗಾಟಕ್ಕೆ ಕಿವಿ ಕೊಡಬೇಡಿ.

ಶಬ್ದವೇ ಬರದಿದ್ದರೆ ಪೈಥಾನ್ ಬಿಟ್ಟು ನೇರವಾಗಿ ಪರೀಕ್ಷೆ ಮಾಡಿ. ಎರೆಕಾರ್ಡ್ -ಎಲ್ (ಎ, ಅದಕ್ಕೆ ಅಂಟಿಕೊಂಡೇ ರೆಕಾರ್ಡ್) ಅಂದರೆ ಯಾವ ಸಾಧನಗಳಿವೆ ಅಂತ ಪಟ್ಟಿ ಬರುತ್ತದೆ. ಆಮೇಲೆ:

ಎರೆಕಾರ್ಡ್ -ಡಿ 5 -ಎಫ್ ಸಿಡಿ ಟೆಸ್ಟ್.ವೇವ್

ಐದು ಸೆಕೆಂಡ್ ರೆಕಾರ್ಡ್ ಆಗುತ್ತದೆ. ಹೆಸರಿನ ಬಾಲ ಡಬ್ಲ್ಯು, ಎ, ವಿ. ಇದೂ ಖಾಲಿ ಬಂದರೆ ತಪ್ಪು ಪ್ಯಾಕೇಜಿನದ್ದಲ್ಲ, ವೈರಿನದ್ದು ಅಥವಾ ಮ್ಯೂಟ್ ಬಟನ್ನಿನದ್ದು.

ಟ್ರಂಕಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಬಿಲ್ಡ್-ಎಸೆನ್ಶಿಯಲ್, ಪೈಥಾನ್3-ಡೆವ್, ಪೋರ್ಟ್‌ಆಡಿಯೊ19-ಡೆವ್, ಲಿಬ್‌ಎಸ್‌ಎನ್‌ಡಿಫೈಲ್1. ಯಂತ್ರ ಬದಲಾದರೆ ಮೊದಲು ಈ ನಾಲ್ಕು, ಆಮೇಲೆ ವೆನ್ವ್, ಆಮೇಲೆ ಪಿಪ್. ಇವತ್ತು 61ನೇ ಕ್ಯಾಸೆಟ್ ಓಡುತ್ತಿತ್ತು. ಬಿ ಸೈಡ್‌ನಲ್ಲಿ ಟೇಪ್ ಸಿಕ್ಕಿಹಾಕಿಕೊಂಡು ನಿಂತಿದೆ. ಅದಕ್ಕೆ ಒಂದು ಪೆನ್ಸಿಲ್ ಸಾಕು.